ನೊರೆ ಬಾರದ ನೀರು, ಕುಡಿಯಬಾರದ ನೀರು

(ದಾವಣಗೆರೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ದಾವಣಗೆರೆಯ ಅನೇಕ ಮನೆಗಳಲ್ಲಿ ಎರಡು ಬಗೆಯ ನೀರು ಇರುತ್ತದೆ. ಒಂದು, ತುಂಗಭದ್ರೆಯಿಂದಲೋ ಭದ್ರಾ ನಾಲೆಯಿಂದಲೋ ಬಂದು, ಶುದ್ಧೀಕರಣ ಘಟಕವನ್ನು ದಾಟಿ, ಸರದಿಯ ದಿನ ನಲ್ಲಿಯಲ್ಲಿ ಬರುವ ನೀರು. ಇನ್ನೊಂದು, ಮನೆಯ ಕೊಳವೆಬಾವಿಯಿಂದ ಮೇಲಿನ ಟ್ಯಾಂಕಿಗೆ ಏರುವ ನೀರು. ಮೊದಲನೆಯದರಲ್ಲಿ ಸಾಬೂನು ಚೆನ್ನಾಗಿ ನೊರೆ ಬರುತ್ತದೆ, ತೊಗರಿಬೇಳೆ ಬೇಗ ಬೇಯುತ್ತದೆ. ಎರಡನೆಯದರಲ್ಲಿ ಎರಡೂ ಕಷ್ಟ. ಜೊತೆಗೆ ಹಂಡೆಯ ಒಳಮೈಗೂ ಗೀಸರಿನ ಕಾಯಿಲ್‌ಗೂ ಬಿಳಿಯ ಪದರ ಕಟ್ಟುತ್ತದೆ. ಈ ಅನುಭವದಿಂದ ನಾವೆಲ್ಲ ಒಂದು ತೀರ್ಮಾನಕ್ಕೆ ಬಂದಿದ್ದೇವೆ: ನೊರೆ ಬರುವ ನೀರು ಒಳ್ಳೆಯದು, ನೊರೆ ಬಾರದ ನೀರು ಕೆಟ್ಟದ್ದು. ಬಟ್ಟೆ ಒಗೆಯುವ ಮಟ್ಟಿಗೆ ಈ ತೀರ್ಮಾನ ಸರಿ. ಕುಡಿಯುವ ಮಟ್ಟಿಗೆ ಅದು ಸರಿಯಲ್ಲ. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು, ಜಗಳೂರು ಸೀಮೆಯಲ್ಲಂತೂ ಅದನ್ನೇ ನಂಬಿಕೊಂಡು ಕುಡಿಯುವ ನೀರನ್ನು ಆರಿಸಿದರೆ ನೀರಿನಲ್ಲಿ ಕರಗಿರುವ ಫ್ಲೋರೈಡ್ ಎಂಬ ಲವಣಾಂಶದಿಂದ ಮಕ್ಕಳ ಹಲ್ಲಿಗೂ ಹಿರಿಯರ ಮೂಳೆಗೂ ಹಾನಿಯಾಗಬಹುದು. ಇದು ಏಕೆ ಹೀಗೆ ಎಂಬುದನ್ನು ರಸಾಯನಶಾಸ್ತ್ರದ ದಾರಿಯಲ್ಲೇ ಹೋಗಿ ತಮ್ಮ ಮುಂದಿಡುವುದು ನನ್ನ ಉದ್ದೇಶ.

ಮೊದಲು ಗಡಸುತನ, ಅಂದರೆ ನೊರೆ ಬಾರದಂತೆ ಮಾಡುವ ನೀರಿನ ಗುಣ, ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಮಳೆಯ ನೀರು ನೆಲ ಮುಟ್ಟುವಾಗ ಬಹುತೇಕ ಶುದ್ಧವಾಗಿರುತ್ತದೆ. ಮಣ್ಣಿನೊಳಗೆ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಆ ನೀರಿನಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಅದು ದುರ್ಬಲವಾದ ಆಮ್ಲ, ಆದರೆ ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಲ್ಲುವ ನೀರಿಗೆ ಸಮಯದ ಕೊರತೆ ಇಲ್ಲ. ಸುಣ್ಣಕಲ್ಲು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಶುದ್ಧ ನೀರಿನಲ್ಲಿ ಲೀಟರಿಗೆ ಹದಿನೈದು ಮಿಲಿಗ್ರಾಂ ಕರಗುವುದೂ ಕಷ್ಟ. ಈ ಆಮ್ಲದ ಜೊತೆ ಸೇರಿದಾಗ ಅದು ಕ್ಯಾಲ್ಸಿಯಂ ಬೈಕಾರ್ಬೊನೇಟ್ ಆಗಿ ಅದರ ಹತ್ತಾರು ಪಟ್ಟು ಕರಗುತ್ತದೆ. ನಮ್ಮ ಎರೆಭೂಮಿಯನ್ನು ಅಗೆದಾಗ ಸಿಗುವ ಸುಣ್ಣದ ಹರಳುಗಳನ್ನು ರೈತರೆಲ್ಲ ಬಲ್ಲರು. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವಲ್ಲಿ ಮಣ್ಣಿನ ನೀರು ಆವಿಯಾಗಿ ಸುಣ್ಣವನ್ನು ಅಲ್ಲಿಯೇ ಬಿಟ್ಟುಹೋದದ್ದರ ಫಲ ಅದು. ಚಿತ್ರದುರ್ಗದ ಹೆಸರನ್ನೇ ಹೊತ್ತಿರುವ ಪುರಾತನ ಶಿಸ್ಟ್ ಶಿಲಾಪಟ್ಟಿಯಲ್ಲಿ ಸುಣ್ಣಕಲ್ಲಿನ ಪದರಗಳೂ ಇವೆ, ಮೆಗ್ನೀಸಿಯಂ ತುಂಬಿದ ಹಸಿರು ಛಾಯೆಯ ಶಿಲೆಗಳೂ ಇವೆ. ಹೀಗೆ ನೀರಿಗೆ ಇಳಿದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಯಾನುಗಳ (ವಿದ್ಯುದಾವೇಶ ಹೊತ್ತ ಕಣಗಳ) ಒಟ್ಟು ಮೊತ್ತವನ್ನೇ ಗಡಸುತನ ಎನ್ನುತ್ತೇವೆ. ಪಶ್ಚಿಮ ಘಟ್ಟದ ಧಾರಾಕಾರ ಮಳೆಯಲ್ಲಿ ಹುಟ್ಟಿ ಬಂಡೆಯೊಂದಿಗೆ ಹೆಚ್ಚು ಕಾಲ ನಿಲ್ಲದೆ ಹರಿದು ಬರುವ ತುಂಗೆ ಮತ್ತು ಭದ್ರೆಯ ನೀರು ಮೆದುವಾಗಿರುವುದಕ್ಕೂ, ಅದೇ ಊರಿನ ಕೊಳವೆಬಾವಿಯ ನೀರು ಗಡಸಾಗಿರುವುದಕ್ಕೂ ಇದೇ ಕಾರಣ.

ಪ್ರಯೋಗಾಲಯದ ವರದಿ ಕೈಗೆ ಬಂದಾಗ ಅನೇಕರು ಗೊಂದಲಕ್ಕೆ ಬೀಳುವ ಒಂದು ಸಂಗತಿ ಇದೆ. ವರದಿಯಲ್ಲಿ ಗಡಸುತನವನ್ನು 'ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ' ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆದಿರುತ್ತಾರೆ. ನೀರಿನಲ್ಲಿ ಅಷ್ಟು ಸುಣ್ಣಕಲ್ಲು ಇದೆ ಎಂದು ಅದರ ಅರ್ಥವಲ್ಲ. ನಮ್ಮ ಮಾರುಕಟ್ಟೆ ಪ್ರಾಂಗಣದಲ್ಲಿ ಬೇರೆ ಬೇರೆ ಅಳತೆಯ ಮೆಕ್ಕೆಜೋಳದ ಚೀಲಗಳನ್ನು ಕ್ವಿಂಟಲ್ ಲೆಕ್ಕಕ್ಕೆ ತಂದು ಕೂಡುವಂತೆ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಎರಡನ್ನೂ ಒಂದೇ ಅಳತೆಗೆ ತಂದು ಕೂಡಿದ ಮೊತ್ತ ಅದು. ಕ್ಯಾಲ್ಸಿಯಂನ ತೂಕವನ್ನು 2.5ರಿಂದಲೂ ಮೆಗ್ನೀಸಿಯಂನ ತೂಕವನ್ನು ಸುಮಾರು 4.1ರಿಂದಲೂ ಗುಣಿಸಿ ಕೂಡಬೇಕು. ಉದಾಹರಣೆಗೆ, ಒಂದು ಬಾವಿಯ ನೀರಿನಲ್ಲಿ ಲೀಟರಿಗೆ 80 ಮಿ.ಗ್ರಾಂ ಕ್ಯಾಲ್ಸಿಯಂ, 50 ಮಿ.ಗ್ರಾಂ ಮೆಗ್ನೀಸಿಯಂ ಇದ್ದರೆ, ಗಡಸುತನ 200 ಮತ್ತು 205 ಸೇರಿ ಸುಮಾರು 405 ಆಗುತ್ತದೆ. ಸಾಮಾನ್ಯ ವರ್ಗೀಕರಣದಂತೆ 75ರವರೆಗೆ ಮೆದು ನೀರು, 150ರಿಂದ 300ರವರೆಗೆ ಗಡಸು, 300ರ ಮೇಲೆ ಅತಿ ಗಡಸು. ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಎಂಬ ಕುಡಿಯುವ ನೀರಿನ ಮಾನಕವು 200ನ್ನು ಸ್ವೀಕಾರಾರ್ಹ ಮಿತಿಯೆಂದೂ, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಬಳಸಬಹುದೆಂದೂ ಹೇಳುತ್ತದೆ.

ಈಗ ಸಾಬೂನಿನ ಲೆಕ್ಕ ಮಾಡೋಣ. ಮುಂದಿನ ಸಾಲಿನಲ್ಲಿ ಕುಳಿತಿರುವ ತಾಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ. ಸಾಬೂನು ಎಂದರೆ ಉದ್ದ ಸರಪಳಿಯ ಕೊಬ್ಬಿನ ಆಮ್ಲಗಳ ಸೋಡಿಯಂ ಲವಣ. ಗಡಸು ನೀರಿಗೆ ಬಿದ್ದೊಡನೆ ಕ್ಯಾಲ್ಸಿಯಂ ಆ ಸೋಡಿಯಂನ ಜಾಗಕ್ಕೆ ಬಂದು, ನೀರಿನಲ್ಲಿ ಕರಗದ ಜಿಗುಟಾದ ಬಿಳಿ ಗಷ್ಟು ಉಂಟಾಗುತ್ತದೆ. ಬಕೆಟ್ಟಿನ ಅಂಚಿಗೂ ಬಚ್ಚಲಿನ ಕಲ್ಲಿಗೂ ಅಂಟುವುದು ಇದೇ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಪೂರ್ತಿ ಮುಗಿಯುವವರೆಗೆ ನೊರೆ ಏಳುವುದಿಲ್ಲ. ಆಗಲೇ ಹೇಳಿದ 400ರ ಆಸುಪಾಸಿನ ಗಡಸುತನದ ನೀರನ್ನು 20 ಲೀಟರಿನ ಒಂದು ಬಕೆಟ್ ತೆಗೆದುಕೊಂಡರೆ, ಅದರಲ್ಲಿ 8 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಗಡಸುತನ ಇರುತ್ತದೆ. ಅಷ್ಟನ್ನು ತಣಿಸಲು ಸೋಡಿಯಂ ಸ್ಟಿಯರೇಟ್ ಲೆಕ್ಕದಲ್ಲಿ ಸುಮಾರು 49 ಗ್ರಾಂ ಶುದ್ಧ ಸಾಬೂನು ಬೇಕು. ನೂರು ಗ್ರಾಂನ ಬಿಲ್ಲೆಯ ಅರ್ಧದಷ್ಟು, ಒಂದೂ ಬಟ್ಟೆಯ ಕೊಳೆ ತೆಗೆಯದೆ ಗಷ್ಟಾಗಿ ಹೋಗುತ್ತದೆ! ಡಿಟರ್ಜೆಂಟ್ ಪುಡಿಗಳು ಕ್ಯಾಲ್ಸಿಯಂನೊಂದಿಗೆ ಹೀಗೆ ಸುಲಭವಾಗಿ ಗಷ್ಟು ಕಟ್ಟುವುದಿಲ್ಲ; ಗಡಸು ನೀರಿನ ಊರುಗಳಲ್ಲಿ ಅವು ಅಷ್ಟು ಬೇಗ ಮನೆ ಸೇರಿದ್ದರಲ್ಲಿ ಇದರ ಪಾಲೂ ಇದೆ.

ಬೇಳೆ ಬೇಯದಿರುವುದೂ ಇದೇ ಕ್ಯಾಲ್ಸಿಯಂನ ಕೆಲಸ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪೆಕ್ಟಿನ್ ಎಂಬ ವಸ್ತುವಿನ ಸರಪಳಿಗಳ ನಡುವೆ ಕ್ಯಾಲ್ಸಿಯಂ ಸೇರಿ ಬಿಗಿಯಾದ ಬೆಸುಗೆ ಹಾಕುತ್ತದೆ, ಆದ್ದರಿಂದ ಎಷ್ಟು ಕುದಿಸಿದರೂ ಕಾಳು ಬಿಚ್ಚಿಕೊಳ್ಳುವುದಿಲ್ಲ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ನೀರು ಕ್ಷಾರೀಯವಾಗಿ ಪೆಕ್ಟಿನ್ ಒಡೆಯುತ್ತದೆ, ಬೇಳೆ ಮೆತ್ತಗಾಗುತ್ತದೆ. ಆದರೆ ಕ್ಷಾರದಲ್ಲಿ ಬಿ1 ಜೀವಸತ್ವ ನಾಶವಾಗುವುದರಿಂದ ಅದನ್ನು ನಿತ್ಯದ ರೂಢಿ ಮಾಡಿಕೊಳ್ಳುವುದು ಸರಿಯಲ್ಲ.

ಗಡಸುತನದಲ್ಲಿ ಎರಡು ಬಗೆ. ಬೈಕಾರ್ಬೊನೇಟ್ ರೂಪದ್ದು ತಾತ್ಕಾಲಿಕ: ಕುದಿಸಿದಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಕ್ಯಾಲ್ಸಿಯಂ ಕಾರ್ಬೊನೇಟ್ ತಳಕ್ಕೆ ಇಳಿಯುತ್ತದೆ. ಬಂಡೆಯೊಳಗೆ ನಡೆದ ಕ್ರಿಯೆ ಹಂಡೆಯೊಳಗೆ ತಿರುಗುಮುರುಗಾಗಿ ನಡೆಯುತ್ತದೆ ಎಂದರೂ ಸರಿಯೇ. ಹುಣಸೆಹುಳಿ ಅಥವಾ ನಿಂಬೆರಸ ಹಾಕಿದರೆ ಆ ಬಿಳಿ ಪದರ ಗುಳ್ಳೆಯೆದ್ದು ಕರಗುವುದು ಅದು ಕಾರ್ಬೊನೇಟ್ ಎಂಬುದಕ್ಕೆ ಸಾಕ್ಷಿ. ಸಲ್ಫೇಟ್ ಮತ್ತು ಕ್ಲೋರೈಡ್ ರೂಪದ್ದು ಶಾಶ್ವತ ಗಡಸುತನ. ಅದು ಕುದಿಸುವುದರಿಂದ ಹೋಗುವುದಿಲ್ಲ. ಅಬರ್ಡೀನಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ಥಾಮಸ್ ಕ್ಲಾರ್ಕ್ 1841ರಲ್ಲಿ ಪೇಟೆಂಟ್ ಪಡೆದ ವಿಧಾನವೊಂದನ್ನು ಇಲ್ಲಿ ನೆನೆಯಬೇಕು. ಸುಣ್ಣದಿಂದ ಗಡಸಾದ ನೀರಿಗೆ ಅವರು ಮತ್ತೆ ಸುಣ್ಣವನ್ನೇ ಹಾಕಿದರು. ಅಳತೆ ಮಾಡಿ ಹಾಕಿದ ಅರಳಿದ ಸುಣ್ಣವು ಬೈಕಾರ್ಬೊನೇಟನ್ನು ಕಾರ್ಬೊನೇಟಾಗಿ ಬದಲಿಸುತ್ತದೆ, ನೀರಿನಲ್ಲಿದ್ದ ಕ್ಯಾಲ್ಸಿಯಂ ಜೊತೆ ಹಾಕಿದ ಕ್ಯಾಲ್ಸಿಯಂ ಕೂಡ ತಳ ಸೇರುತ್ತದೆ. ಲೀಟರಿಗೆ 100 ಮಿ.ಗ್ರಾಂ ತಾತ್ಕಾಲಿಕ ಕ್ಯಾಲ್ಸಿಯಂ ಗಡಸುತನಕ್ಕೆ 74 ಮಿ.ಗ್ರಾಂ ಅರಳಿದ ಸುಣ್ಣ ಸಾಕು. ರಸಾಯನಶಾಸ್ತ್ರದ ಇಷ್ಟು ಸುಂದರವಾದ, ಇಷ್ಟು ಅಗ್ಗವಾದ ಉಪಾಯಗಳು ಕಡಿಮೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಇಂದು ಮನೆಗಳಲ್ಲಿ ಕೂರಿಸುವ ವಾಟರ್ ಸಾಫ್ಟ್‌ನರ್ ಬೇರೆ ತತ್ತ್ವದ್ದು. ಅದರೊಳಗಿನ ರಾಳದ ಮಣಿಗಳಲ್ಲಿ ಸೋಡಿಯಂ ಅಯಾನುಗಳು ಅಂಟಿಕೊಂಡಿರುತ್ತವೆ. ಗಡಸು ನೀರು ಹರಿದಾಗ ಒಂದು ಕ್ಯಾಲ್ಸಿಯಂ ಹಿಡಿದು ಎರಡು ಸೋಡಿಯಂಗಳನ್ನು ಮಣಿ ಬಿಟ್ಟುಕೊಡುತ್ತದೆ; ಮಣಿಗಳು ತುಂಬಿದ ಮೇಲೆ ಉಪ್ಪಿನ ಗಟ್ಟಿ ದ್ರಾವಣದಿಂದ ತೊಳೆದರೆ ಮತ್ತೆ ಸಿದ್ಧವಾಗುತ್ತವೆ. ಬಟ್ಟೆ ಒಗೆಯುವ ಯಂತ್ರಕ್ಕೆ, ಗೀಸರಿಗೆ, ಕಾರ್ಖಾನೆಯ ಬಾಯ್ಲರಿಗೆ ಇದು ನಿಜಕ್ಕೂ ಉಪಕಾರಿ. ಆದರೆ ನೀರಿನ ಒಟ್ಟು ಲವಣಾಂಶ ಇದರಿಂದ ಕಡಿಮೆಯಾಗುವುದಿಲ್ಲ, ಲವಣದ ಜಾತಿ ಮಾತ್ರ ಬದಲಾಗುತ್ತದೆ. 400ರ ಗಡಸುತನವನ್ನು ಪೂರ್ತಿ ತೆಗೆದರೆ ಲೀಟರಿಗೆ 184 ಮಿ.ಗ್ರಾಂ ಸೋಡಿಯಂ ಸೇರುತ್ತದೆ. ವೈದ್ಯರು ಉಪ್ಪು ಬಿಡಲು ಹೇಳಿರುವ ರಕ್ತದೊತ್ತಡದ ರೋಗಿಗಳು ಮನೆಯಲ್ಲಿದ್ದರೆ ಸಾಫ್ಟ್‌ನರಿನ ನೀರನ್ನು ಕುಡಿಯಲು, ಅಡುಗೆಗೆ ಬಳಸದಿರುವುದು ಲೇಸು.

ಹಾಗಾದರೆ ಗಡಸು ನೀರು ಕುಡಿದರೆ ತೊಂದರೆಯೇ ಎಂಬ ಪ್ರಶ್ನೆಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯು ಗಡಸುತನಕ್ಕೆ ಆರೋಗ್ಯದ ಆಧಾರದ ಮೇಲೆ ಯಾವ ಮಿತಿಯನ್ನೂ ವಿಧಿಸಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ದೇಹಕ್ಕೆ ಬೇಕಾದ ಖನಿಜಗಳೇ. ಮೂತ್ರಪಿಂಡದ ಕಲ್ಲಿಗೆ ಗಡಸು ನೀರೇ ಕಾರಣವೆಂಬ ಮಾತು ನಮ್ಮಲ್ಲಿ ಬಲವಾಗಿದೆ. ಆದರೆ ಅದಕ್ಕೆ ಗಟ್ಟಿಯಾದ ಪುರಾವೆ ಇಲ್ಲ, ಬಿಸಿಲ ನಾಡಿನಲ್ಲಿ ದುಡಿಯುವವರು ಸಾಕಷ್ಟು ನೀರು ಕುಡಿಯದಿರುವುದು ಅದಕ್ಕಿಂತ ದೊಡ್ಡ ಕಾರಣ. ನೀರು ಸವಳೆಂದು ಜನ ಕಡಿಮೆ ಕುಡಿಯುವುದಾದರೆ ಆ ಕೊರತೆಯ ಬಗ್ಗೆ ಯೋಚಿಸಬೇಕು.

ಈಗ ನಾನು ಮುಖ್ಯವೆಂದು ಭಾವಿಸುವ ಭಾಗಕ್ಕೆ ಬಂದಿದ್ದೇನೆ. ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕವೆನ್ನುವ ಬಯೊಟೈಟ್ ಮುಂತಾದ ಖನಿಜಗಳಿವೆ. ಇವುಗಳಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದೇ ನೀರಿನಲ್ಲಿರುವ ಕ್ಯಾಲ್ಸಿಯಂ. ಕ್ಯಾಲ್ಸಿಯಂ ಮತ್ತು ಫ್ಲೋರೈಡ್ ಸೇರಿದರೆ ಬಲು ಕಡಿಮೆ ಕರಗುವ ಕ್ಯಾಲ್ಸಿಯಂ ಫ್ಲೋರೈಡ್ ಆಗುತ್ತದೆ, ಆದ್ದರಿಂದ ಒಂದು ಹೆಚ್ಚಿದ್ದಲ್ಲಿ ಇನ್ನೊಂದು ಹೆಚ್ಚು ಉಳಿಯಲಾರದು. ಒಂದು ಲವಣ ನೀರಿನಲ್ಲಿ ಎಷ್ಟು ಕರಗಬಲ್ಲದು ಎಂಬುದನ್ನು ಹೇಳುವ ಕರಗುವಿಕೆಯ ಗುಣಲಬ್ಧವನ್ನು ಹಿಡಿದು ಸ್ಥೂಲವಾಗಿ ಲೆಕ್ಕ ಹಾಕಿದರೆ, ಲೀಟರಿಗೆ 80 ಮಿ.ಗ್ರಾಂ ಕ್ಯಾಲ್ಸಿಯಂ ಇರುವ ನೀರು ಸುಮಾರು 2.5 ಮಿ.ಗ್ರಾಂವರೆಗೆ ಫ್ಲೋರೈಡನ್ನು ಹಿಡಿದಿಡಬಲ್ಲದು. ಕ್ಯಾಲ್ಸಿಯಂ 10 ಮಿ.ಗ್ರಾಂಗೆ ಇಳಿದರೆ ಆ ಮಿತಿ 7ಕ್ಕೆ ಏರುತ್ತದೆ.

ಕ್ಯಾಲ್ಸಿಯಂ ಇಳಿಯುವುದು ಹೇಗೆ? ಸಾಫ್ಟ್‌ನರಿನ ಮಣಿಗಳು ಮಾಡುವ ಕೆಲಸವನ್ನೇ ನೆಲದಡಿಯ ಜೇಡಿ ಖನಿಜಗಳೂ ಮಾಡುತ್ತವೆ: ನೀರಿನ ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ನೀರು ಆಳದಲ್ಲಿ ಹೆಚ್ಚು ಕಾಲ ನಿಂತಷ್ಟೂ ಸೋಡಿಯಂ ಬೈಕಾರ್ಬೊನೇಟ್ ತುಂಬಿದ, ಸ್ವಲ್ಪ ಕ್ಷಾರೀಯವಾದ, ಸಾಬೂನು ಚೆನ್ನಾಗಿ ನೊರೆ ಬರುವ ನೀರಾಗುತ್ತದೆ, ಮತ್ತು ಆ ಕ್ಷಾರೀಯತೆಯೇ ಖನಿಜಗಳಿಂದ ಇನ್ನಷ್ಟು ಫ್ಲೋರೈಡನ್ನು ಬಿಡಿಸುತ್ತದೆ. ಹೊಸದಾಗಿ ಆಳಕ್ಕೆ ಕೊರೆಸಿದ ಬೋರಿನ ನೀರು ಹಳೆಯ ಬಾವಿಯ ನೀರಿಗಿಂತ ಮೆದುವಾಗಿದೆ, ಬೇಳೆ ಬೇಗ ಬೇಯುತ್ತದೆ ಎಂದು ಊರಿನವರು ಸಂತೋಷಪಡುವ ಸಂದರ್ಭದಲ್ಲೇ ಅದರ ಫ್ಲೋರೈಡನ್ನು ಪರೀಕ್ಷಿಸಬೇಕು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ಮೆದು ನೀರೆಲ್ಲ ಫ್ಲೋರೈಡ್ ನೀರು ಎಂದು ದಯವಿಟ್ಟು ತಿಳಿಯಬೇಡಿ. ನದಿಯ ನೀರೂ ಮೆದುವೇ, ಅದರಲ್ಲಿ ಈ ತೊಂದರೆ ಇಲ್ಲ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಈ ಪ್ರಮಾಣದಲ್ಲಿ ರುಚಿಯೂ ಇಲ್ಲ. ಮಾನಕದ ಪ್ರಕಾರ ಅದು ಲೀಟರಿಗೆ 1 ಮಿ.ಗ್ರಾಂ ಇರಬಹುದು, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ. ಅದನ್ನು ಮೀರಿದ ನೀರನ್ನು ಹಲ್ಲು ರೂಪುಗೊಳ್ಳುವ ವಯಸ್ಸಿನ ಮಕ್ಕಳು ಕುಡಿದರೆ ಹಲ್ಲಿನ ಮೇಲೆ ಕಂದು ಪಟ್ಟೆಗಳು ಬಂದು ಜೀವನಪೂರ್ತಿ ಉಳಿಯುತ್ತವೆ. ಹೆಚ್ಚಿನ ಪ್ರಮಾಣ ಬಹುಕಾಲ ಮೈಸೇರಿದರೆ ಕೀಲು, ಬೆನ್ನುಮೂಳೆ ಬಿಗಿಯುತ್ತವೆ. ಅದನ್ನು ಗುಣಪಡಿಸುವ ಔಷಧಿ ಇಲ್ಲ, ತಡೆಯುವುದೊಂದೇ ದಾರಿ.

ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಸ್ವಲ್ಪ ಗಟ್ಟಿಯೇ ಆಗುತ್ತದೆ. ಬಟ್ಟೆಯಲ್ಲಿ ಸೋಸಿದರೆ, ಮೇಣದ ಬತ್ತಿಯಾಕಾರದ ಕ್ಯಾಂಡಲ್ ಫಿಲ್ಟರಿನಲ್ಲಿ ಇಳಿಸಿದರೆ, ಸಾಫ್ಟ್‌ನರಿಗೆ ಬಿಟ್ಟರೆ, ಕ್ಲೋರಿನ್ ಹಾಕಿದರೆ ಯಾವುದರಿಂದಲೂ ಅದು ಹೋಗದು. ಒಟ್ಟು ಲವಣಾಂಶ ತೋರಿಸುತ್ತದೆಂದು ಮನೆ ಮನೆಗೆ ತರುವ ಟಿಡಿಎಸ್ ಮೀಟರ್ ಕೂಡ ಫ್ಲೋರೈಡನ್ನು ತೋರಿಸುವುದಿಲ್ಲ, ಏಕೆಂದರೆ ಅದು ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಯಾವ ಲವಣ ಎಷ್ಟಿದೆ ಎಂಬುದು ಅದಕ್ಕೆ ತಿಳಿಯದು. 350 ಎಂದು ತೋರಿಸುವ ನೀರಿನಲ್ಲಿ ಫ್ಲೋರೈಡ್ 3 ಇರಬಹುದು, 900 ಎಂದು ತೋರಿಸುವ ನೀರಿನಲ್ಲಿ 0.5 ಇರಬಹುದು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು ಒಂದು ಪ್ರದರ್ಶನದ ಬಗ್ಗೆ ಹೇಳಬೇಕು, ತಮ್ಮಲ್ಲಿ ಹಲವರು ಅದನ್ನು ನೋಡಿರುತ್ತೀರಿ. ಯಂತ್ರ ಮಾರಲು ಬಂದವರು ಎರಡು ಲೋಟಗಳಲ್ಲಿ ನಿಮ್ಮ ಮನೆಯ ನೀರನ್ನೂ ತಮ್ಮ ಯಂತ್ರದ ನೀರನ್ನೂ ಇಟ್ಟು, ಲೋಹದ ಕಡ್ಡಿಗಳಿರುವ ಉಪಕರಣವೊಂದನ್ನು ಮುಳುಗಿಸಿ ವಿದ್ಯುತ್ ಹಾಯಿಸುತ್ತಾರೆ. ಕ್ಷಣಗಳಲ್ಲಿ ನಿಮ್ಮ ನೀರು ಕಂದು ಬಣ್ಣಕ್ಕೆ ತಿರುಗಿ ಕೆಸರಾಗುತ್ತದೆ, ಅವರ ನೀರು ತಿಳಿಯಾಗಿಯೇ ಉಳಿಯುತ್ತದೆ. ಆ ಕೆಸರು ನೀರಿನಲ್ಲಿದ್ದದ್ದಲ್ಲ. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿದಾಗ ಕಬ್ಬಿಣದ ಕಡ್ಡಿಯೇ ಕರಗಿ ಕಬ್ಬಿಣದ ಹೈಡ್ರಾಕ್ಸೈಡ್ ಆಗಿ ತೇಲುತ್ತದೆ. ಲವಣ ತೆಗೆದ ನೀರಿನಲ್ಲಿ ವಿದ್ಯುತ್ ಬಹುತೇಕ ಹರಿಯುವುದೇ ಇಲ್ಲವಾದ್ದರಿಂದ ಏನೂ ಆಗುವುದಿಲ್ಲ. ಅವರ ಲೋಟಕ್ಕೆ ನಿಮ್ಮ ಅಡುಗೆಮನೆಯ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಅದೇ ಪ್ರಯೋಗ ಮಾಡಿ ಎಂದು ಕೇಳಿ, ಅದೂ ಕಂದಾಗುತ್ತದೆ. ಜನರ ಭಯವನ್ನು ಬಂಡವಾಳ ಮಾಡಿಕೊಳ್ಳುವ ಇಂಥ ಪ್ರದರ್ಶನಗಳ ಬಗ್ಗೆ ನನಗೆ ತೀವ್ರವಾದ ಬೇಸರವಿದೆ. ನದಿಯ ಮೆದು ನೀರು ಬರುವ ಮನೆಯವರು ಬೇಡದ ಯಂತ್ರಕ್ಕೆ ಹಣ ಸುರಿಯುತ್ತಾರೆ, ಫ್ಲೋರೈಡಿನ ಊರಿನವರಿಗೆ ತಮ್ಮ ನೀರಿನ ನಿಜ ಸ್ಥಿತಿ ತಿಳಿಯದೇ ಉಳಿಯುತ್ತದೆ.

ಫ್ಲೋರೈಡ್ ತೆಗೆಯಲು ದಾರಿಗಳಿವೆ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಆಲಂ, ಅಂದರೆ ಪಟಿಕ, ಮತ್ತು ಸುಣ್ಣವನ್ನು ಅಳತೆಯಂತೆ ಹಾಕಿ ಕಲಕುತ್ತಾರೆ. ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಹತ್ತಿಯಂಥ ಗಷ್ಟು ಫ್ಲೋರೈಡನ್ನು ಹಿಡಿದುಕೊಂಡು ತಳ ಸೇರುತ್ತದೆ. ಸಕ್ರಿಯಗೊಳಿಸಿದ ಅಲ್ಯೂಮಿನಾ ಹರಳುಗಳ ಮೂಲಕ ಹಾಯಿಸುವುದು ಇನ್ನೊಂದು ವಿಧಾನ. ಆ ಹರಳುಗಳ ಸಾಮರ್ಥ್ಯ ಮುಗಿದದ್ದು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ, ಹೊರಬರುವ ನೀರನ್ನು ನಿಯಮಿತವಾಗಿ ಪರೀಕ್ಷಿಸದೆ ಅದನ್ನು ನಂಬುವಂತಿಲ್ಲ.

ನಮ್ಮ ಹಳ್ಳಿಗಳಲ್ಲಿ ಇಂದು ಹೆಚ್ಚು ಕಾಣುವುದು ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳು. ಅವುಗಳಲ್ಲಿ ಬಹುತೇಕ ರಿವರ್ಸ್ ಆಸ್ಮೋಸಿಸ್ ತಂತ್ರದ ಆರ್‌ಒ ಘಟಕಗಳೇ. 1959ರ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಅವರು ಮಾಡಿದ ಪೊರೆಯಿಂದ ಈ ತಂತ್ರ ಬಳಕೆಗೆ ಬರುವಂತಾಯಿತು. ಒತ್ತಡ ಹಾಕಿ ನೀರನ್ನು ಪೊರೆಯ ಮೂಲಕ ದಾಟಿಸಿದಾಗ ಲವಣಗಳ ಬಹುಪಾಲು ಪೊರೆಯ ಈಚೆ ಬದಿಯಲ್ಲೇ ಉಳಿಯುತ್ತದೆ. ಗಡಸುತನ, ಫ್ಲೋರೈಡ್ ಎರಡೂ ಇಳಿಯುತ್ತವೆ, ಗೊಬ್ಬರ, ಚರಂಡಿಗಳಿಂದ ನೀರಿಗೆ ಸೇರುವ ನೈಟ್ರೇಟ್ ಕೂಡ ಸಾಕಷ್ಟು ತಗ್ಗುತ್ತದೆ. ಫ್ಲೋರೈಡ್ ಹೆಚ್ಚಿರುವ, ನದಿಯ ನೀರು ಇನ್ನೂ ತಲುಪದ ಊರಿಗೆ ಇದು ಬೇಕಾದದ್ದೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಪೊರೆಯ ಈಚೆ ಬದಿಯಲ್ಲಿ ಉಳಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕು. ಅರ್ಧ ನೀರು ಶುದ್ಧವಾಗಿ ಬಂದರೆ ಉಳಿದ ಅರ್ಧದಲ್ಲಿ ಲವಣವೂ ಫ್ಲೋರೈಡೂ ಹೆಚ್ಚುಕಡಿಮೆ ಇಮ್ಮಡಿಯಾಗಿರುತ್ತದೆ. ಅದನ್ನು ಘಟಕದ ಹಿಂದಿನ ತಗ್ಗಿಗೆ ಬಿಟ್ಟು, ಅದರ ಪಕ್ಕದಲ್ಲೇ ಊರಿನ ಬೋರ್ ಇದ್ದರೆ, ತೆಗೆದ ಫ್ಲೋರೈಡ್ ನೆಲಕ್ಕೆ ಇಂಗಿ ಮತ್ತೆ ಅದೇ ನೀರಿಗೆ ಸೇರುವ ದಾರಿ ತೆರೆದಂತೆ. ಆ ನೀರನ್ನು ಪಾತ್ರೆ ತೊಳೆಯಲು, ನೆಲ ಒರೆಸಲು ಬಳಸಬಹುದು. ದನಗಳಿಗೆ ಕುಡಿಸಬಾರದು, ಫ್ಲೋರೈಡ್ ಅವುಗಳ ಮೂಳೆಯನ್ನೂ ಬಿಡುವುದಿಲ್ಲ.

ನದಿ ಮತ್ತು ಜಲಾಶಯದ ನೀರಿನ ಸಮಸ್ಯೆ ಬೇರೆ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದ ನೀರಾಗಲಿ, ಚನ್ನಗಿರಿಯ ಸೂಳೆಕೆರೆಯ ನೀರಾಗಲಿ, ತುಂಗಭದ್ರೆಯ ನೀರಾಗಲಿ, ಅಲ್ಲಿ ಶುದ್ಧೀಕರಣದ ಗುರಿ ಕೆಸರು ಮತ್ತು ರೋಗಾಣು. ನೀರಿಗೆ ಪಟಿಕ ಹಾಕಿದಾಗ ಅದು ನೀರಿನ ಬೈಕಾರ್ಬೊನೇಟಿನೊಂದಿಗೆ ಸೇರಿ ಗಷ್ಟು ಕಟ್ಟಿ ಕೆಸರಿನ ಸೂಕ್ಷ್ಮ ಕಣಗಳನ್ನು ಒಟ್ಟುಗೂಡಿಸುತ್ತದೆ. ಮಳೆಗಾಲದಲ್ಲಿ ಕೆಸರು ಹೆಚ್ಚು, ಬೈಕಾರ್ಬೊನೇಟ್ ಕಡಿಮೆ; ಆಗ ಈ ಮೆದು ನೀರಿಗೆ ಸುಣ್ಣವನ್ನು ನಾವೇ ಸೇರಿಸಬೇಕಾಗುತ್ತದೆ. ಬಳಿಕ ಮರಳಿನ ಸೋಸುಪದರ, ಕೊನೆಗೆ ಕ್ಲೋರಿನ್. ಕ್ಲೋರಿನ್ ನೀರಿನಲ್ಲಿ ಹೈಪೊಕ್ಲೋರಸ್ ಆಮ್ಲವಾಗಿ ರೋಗಾಣುಗಳನ್ನು ಕೊಲ್ಲುತ್ತದೆ. ನೀರಿನ ಆಮ್ಲ-ಕ್ಷಾರಗಳ ಅಳತೆಯಾದ ಪಿಎಚ್ 7.5ರಲ್ಲಿ ಅದರ ಅರ್ಧದಷ್ಟು ಮಾತ್ರ ಆ ಪ್ರಬಲ ರೂಪದಲ್ಲಿರುತ್ತದೆ, 8.5ರಲ್ಲಿ ಹತ್ತರಲ್ಲೊಂದು ಪಾಲು. ಆದ್ದರಿಂದ ಕ್ಷಾರೀಯವಾದ ಬೋರಿನ ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದ ತಕ್ಷಣ ನೀರು ಬಿಡಬಾರದು, ಕನಿಷ್ಠ ಅರ್ಧ ಗಂಟೆಯಾದರೂ ಕಾಯಬೇಕು, ಕ್ಷಾರ ಹೆಚ್ಚಿದ್ದರೆ ಇನ್ನೂ ಹೆಚ್ಚು. ಕೊನೆಯ ಮನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು. ದಾರಿಯಲ್ಲಿ ಕೊಳವೆ ಒಡೆದು ಚರಂಡಿ ನೀರು ಸೇರಿದರೆ ಕಾಪಾಡುವುದು ಆ ಉಳಿಕೆ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನಿಂದ ಜೀವಗಳು ಹೋದವು. ಫ್ಲೋರೈಡ್ ವರ್ಷಗಳಲ್ಲಿ ಮಾಡುವ ಹಾನಿಯನ್ನು ರೋಗಾಣು ದಿನಗಳಲ್ಲಿ ಮಾಡುತ್ತದೆ. ಆದ್ದರಿಂದ ನಲ್ಲಿ ನೀರಿನಲ್ಲಿ ಕ್ಲೋರಿನ್ ವಾಸನೆ ಬಂದಿತೆಂದು ದೂರುವುದಕ್ಕಿಂತ, ಬಾರದಿದ್ದ ದಿನ ವಿಚಾರಿಸುವುದು ಮುಖ್ಯ.

ಪರೀಕ್ಷೆಗೆ ನೀರು ಕಳಿಸುವವರು ಕೆಲವು ಸಂಗತಿಗಳನ್ನು ಗಮನದಲ್ಲಿಡಬೇಕು. ಬೋರಿನ ಮೋಟರನ್ನು ಕೆಲವು ನಿಮಿಷ ಓಡಿಸಿ ಕೊಳವೆಯಲ್ಲಿ ನಿಂತ ನೀರು ಹೋದ ಮೇಲೆ ಹಿಡಿಯಿರಿ. ಬಾಟಲಿಯನ್ನು ಅದೇ ನೀರಿನಲ್ಲಿ ತೊಳೆಯಿರಿ. ಫ್ಲೋರೈಡಿಗೆ ಗಾಜಿನದಕ್ಕಿಂತ ಪ್ಲಾಸ್ಟಿಕ್ ಬಾಟಲಿ ಒಳ್ಳೆಯದು. ರೋಗಾಣು ಪರೀಕ್ಷೆಗೆ ಮಾತ್ರ ಪ್ರಯೋಗಾಲಯದವರೇ ಕೊಡುವ ಕ್ರಿಮಿಶುದ್ಧ ಬಾಟಲಿ ಬೇಕು, ಅದನ್ನು ತೊಳೆಯಬಾರದು, ತಣ್ಣಗಿಟ್ಟು ಅಂದೇ ತಲುಪಿಸಬೇಕು. ಗಡಸುತನ, ಕ್ಯಾಲ್ಸಿಯಂ, ಫ್ಲೋರೈಡ್, ನೈಟ್ರೇಟ್, ಪಿಎಚ್, ಒಟ್ಟು ಲವಣಾಂಶ ಇವಿಷ್ಟನ್ನೂ ಹೆಸರು ಹಿಡಿದು ಕೇಳಿ ಬರೆಸಿಕೊಳ್ಳಿ. ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ ಮೀರಿದ್ದರೆ ಹಸುಗೂಸುಗಳಿಗೆ ಆ ನೀರನ್ನು ಕೊಡಲೇಬಾರದು, ಕುದಿಸಿಯೂ ಕೊಡಬಾರದು. ಜಲಜೀವನ್ ಮಿಷನ್ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಸ್ಥಳದಲ್ಲೇ ಪರೀಕ್ಷಿಸುವ ಕಿಟ್‌ನ ತರಬೇತಿ ಕೊಡುವ ವ್ಯವಸ್ಥೆ ಇದೆ. ನಿಮ್ಮ ಊರಿನಲ್ಲಿ ಅವರು ಯಾರೆಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಿ ತಿಳಿದುಕೊಳ್ಳಿ. ಒಮ್ಮೆ ಬೇಸಿಗೆಯ ಕೊನೆಯಲ್ಲಿ, ಇನ್ನೊಮ್ಮೆ ಮಳೆಗಾಲದ ನಂತರ ಪರೀಕ್ಷೆ ಮಾಡಿಸಿ, ಏಕೆಂದರೆ ಅಂತರ್ಜಲದ ಮಟ್ಟ ಏರಿಳಿದಂತೆ ಒಂದೇ ಬಾವಿಯ ಅಂಕಿಗಳು ಬದಲಾಗುತ್ತವೆ. ಬೋರನ್ನು ಇನ್ನಷ್ಟು ಆಳಕ್ಕೆ ಇಳಿಸಿದರೆ ಹಳೆಯ ವರದಿಯನ್ನು ನೆಚ್ಚದೆ ಹೊಸದಾಗಿಯೇ ಮಾಡಿಸಬೇಕು.